ಮೂಲ: ಅದೇ

ಚರ್ರ್ ಎಂದು ಮತ್ತೆ ಅದೇ ಸದ್ದು, ಗೋಣಿಚೀಲದ ಬಾಯಿಗೆ ದಾರ ಬಿಗಿಯುವ ಸದ್ದು — ಇದು ನಾಲ್ಕನೆಯದೋ ಐದನೆಯದೋ, ಎಣಿಸಬಾರದು ಎಂದುಕೊಂಡೇ ಎಣಿಸುತ್ತಿದ್ದಾಳೆ — ಹೊರಗೆ ಪಡಸಾಲೆಯಲ್ಲಿ ಜವಾನ ಕುಕ್ಕರುಗಾಲಲ್ಲಿ ಕೂತು ದಾರವನ್ನು ಹಲ್ಲಿನಿಂದ ಕಚ್ಚಿ ಹರಿಯುತ್ತಾನೆ, ಕತ್ತರಿ ಕೊಟ್ಟರೆ ಬೇಡ ಅಮ್ಮಾವ್ರೇ, ಕತ್ತರಿ ಆದ್ರೆ ಕಳ್ದೋಗುತ್ತೆ, ಹಲ್ಲು ಎಲ್ಲಿ ಹೋಗುತ್ತೆ ಅನ್ನುತ್ತಾನೆ, ನಗುತ್ತಾನೆ ಬೇರೆ, ನಗಲಿ, ಅವನದೇನು ತಪ್ಪು, ತುಂಬು ಅಂದರು ತುಂಬಿದ, ಕಟ್ಟು ಅಂದರು ಕಟ್ಟಿದ, ನಾಲ್ಕು ಗಂಟೆಗೆ ರದ್ದಿ ಲಾರಿ ಬರುತ್ತದೆ, ಹನ್ನೊಂದು ಸಾವಿರ ಕಾರ್ಡು ಕಾಗದದ ಗಿರಣಿಗೆ ಹೋಗಿ ನೀರಲ್ಲಿ ಕೊಳೆತು ಮೊಟ್ಟೆ ಇಡುವ ಟ್ರೇ ಆಗಿ ಬರುತ್ತವೆ, ನಲವತ್ತು ವರ್ಷ ಒಬ್ಬ ಮನುಷ್ಯ ಕಣ್ಣು ಸವೆಸಿ ಹಳೇ ಇಂಗ್ಲಿಷ್ ಪುಸ್ತಕಗಳಿಂದ ಒಂದೊಂದೇ ಹೆಕ್ಕಿದ ಮಾತುಗಳು, ಮೊಟ್ಟೆ ಟ್ರೇ — ಅವಳ ಕೈಯಲ್ಲಿದ್ದ ಪೆನ್ಸಿಲಿನ ಮೊನೆ ಪಟ್ಟೆಂದಿತು, ಮುರಿಯಲಿ, ಇನ್ನೊಂದಿದೆ. ಒಂದು ಕಾರ್ಡು ಸುಳ್ಳೆಂದು ಹನ್ನೊಂದು ಸಾವಿರವನ್ನು ಎಸೆಯುವುದು, ಇಲಿ ಹೆಚ್ಚಾಯಿತೆಂದು ಮನೆಗೆ ಬೆಂಕಿ ಹಚ್ಚುವ ಜಾಣತನ, ಇದಕ್ಕೆ ನಿಘಂಟಿನ ಸಂಪಾದಕರು ಇಟ್ಟ ಹೆಸರು ಶಿಸ್ತು, ಶಿಸ್ತಂತೆ, ಆ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಗೋಡೆ ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷ, ಅದು ಐದು ನಿಮಿಷ ಮುಂದಿದೆ, ಹಾಗಾದರೆ ಇನ್ನೂ ಒಂದೂಕಾಲು ಗಂಟೆ, ಅಷ್ಟರೊಳಗೆ ಎದ್ದು ಹದಿನೆಂಟು ಮೆಟ್ಟಿಲು ಹತ್ತಿ ಸಂಪಾದಕರ ಕೋಣೆಯ ಬಾಗಿಲು ತಳ್ಳಿ ಒಂದೇ ಒಂದು ಮಾತು ಹೇಳಬೇಕು, ಆ ಕಾರ್ಡು ನನ್ನದು, ಮೂರೇ ಪದ, ಬಾಯಿಗೇನು ಬೀಗ ಜಡಿದಿದ್ದಾರೆಯೇ. ಬೆಳಗಿನಿಂದ ಕೂತೇ ಇದ್ದಾಳೆ.

ಇಷ್ಟಕ್ಕೂ ಕಾರಣ ಒಂದು ಸತ್ತ ಪದ, ಹೆಂಟ್, ಇಂಗ್ಲಿಷಿನವರೇ ಮುನ್ನೂರು ನಾನೂರು ವರ್ಷದ ಹಿಂದೆ ಕೈಬಿಟ್ಟ ಕ್ರಿಯಾಪದ, ಹಿಡಿ ಎಂದು ಅರ್ಥ, ಅವರಿಗೇ ಬೇಡವಾದದ್ದನ್ನು ಇಲ್ಲಿ ಮರದ ಗೂಡುಗಳಲ್ಲಿ ಪೇರಿಸಿಟ್ಟು ನಮ್ಮ ಮಾತಿನಲ್ಲಿ ಅರ್ಥ ಬರೆದು ನಿಘಂಟು ಮಾಡುವ ಈ ಕಚೇರಿ, ಯಾರು ಓದುತ್ತಾರೆ ಎಂದು ಅಣ್ಣ ನಕ್ಕಿದ್ದ, ಸತ್ತವರ ಜಾತಕ ಬರಿಯೋ ಕೆಲಸ ಸಿಕ್ತು ನಿಂಗೆ ಅಂದಿದ್ದ — ಅಣ್ಣನ ಮಾತು ಈಗ ಬೇಡ. ಹೆಂಟ್. ಒಂದನೇ ಅರ್ಥ ಕೈಹಾಕಿ ಹಿಡಿ, ಎರಡನೆಯದು ಕಸಿದುಕೊ, ಮೂರನೆಯದು ಹೋಗಿ ಮುಟ್ಟು, ತಲುಪು, ಊರನ್ನು ಹೆಂಟಿದ ಅಂದರೆ ಊರು ಸೇರಿದ ಎಂದು, ಎಷ್ಟು ಚೆಂದದ ಅರ್ಥ ಅದು, ಹಿಡಿಯುವುದಕ್ಕೂ ಸೇರುವುದಕ್ಕೂ ಆ ಜನ ಒಂದೇ ಪದ ಸಾಕೆಂದುಕೊಂಡಿದ್ದರು, ಈ ಮೂರಕ್ಕೂ ಗೂಡಿನಲ್ಲಿ ಬೇಕಾದಷ್ಟು ಕಾರ್ಡುಗಳಿವೆ, ಎಡತುದಿಗೆ ಪದ, ನಡುವೆ ಅದು ಬಳಕೆಯಾದ ವಾಕ್ಯ, ಕೆಳಗೆ ಮೂಲ — ಯಾವ ಪುಸ್ತಕ ಯಾವ ವರ್ಷ ಎಷ್ಟನೇ ಪುಟ — ಬಲತುದಿಗೆ ಹೆಕ್ಕಿದವರ ಮೊಹರು, ಎಲ್ಲ ಸರಿ, ಆದರೆ ನಾಲ್ಕನೇ ಅರ್ಥ ಒಂದಿದೆ, ಹೊರಟವರನ್ನು ಹಿಡಿದು ನಿಲ್ಲಿಸು, ಹೋಗಗೊಡದಿರು, ಅದಕ್ಕೆ ಇರುವುದು ಒಂದೇ ಕಾರ್ಡು, ಅದರ ಇಂಗ್ಲಿಷ್ ವಾಕ್ಯ ನಮ್ಮ ಮಾತಿನಲ್ಲಿ ಹೀಗೆ. ಅಣ್ಣನು ಗೇಟಿನ ಬಳಿ ತಂಗಿಯ ಮಣಿಕಟ್ಟನ್ನು ಹೆಂಟಿದನು, ಅವಳು ಹೋಗಲಿಲ್ಲ, ಕಂಡವರು ಸುಮ್ಮನಿದ್ದರು. ಮೂಲ, ಯಾವುದೋ ಹಳೇ ಪಟ್ಟಣದ ನ್ಯಾಯಾಲಯದ ದಫ್ತರ, ಪುಟ ಇನ್ನೂರ ಹನ್ನೆರಡು. ನಿಘಂಟಿನಲ್ಲಿ ಅಚ್ಚಾಯಿತು, ಇಲ್ಲಿಂದ ಬೇರೆಯವರು ತಮ್ಮ ನಿಘಂಟಿಗೆ ಎತ್ತಿಕೊಂಡರು, ಅವರಿಂದ ಇನ್ನೊಬ್ಬರು, ಇಪ್ಪತ್ತೊಂಬತ್ತು ವರ್ಷ ಯಾರ ತಂಟೆಗೂ ಹೋಗದೆ ಬದುಕಿತ್ತು, ಹೋದ ತಿಂಗಳು ಸಮುದ್ರದಾಚೆಯ ಯಾರೋ ಪುಣ್ಯಾತ್ಮ ಆ ದಫ್ತರವನ್ನು ಮೊದಲಿಂದ ಕೊನೆಯವರೆಗೆ ಓದಿ, ಬೇರೆ ಕೆಲಸವಿಲ್ಲದವನು, ಬಹಳ ವಿನಯದಿಂದ ಒಂದು ಕಾಗದ ಬರೆದ, ಆ ಪುಟದಲ್ಲಿ ಕುದುರೆ ಕದ್ದವನ ವಿಚಾರಣೆ ಇದೆ, ಅಣ್ಣನೂ ಇಲ್ಲ, ತಂಗಿಯೂ ಇಲ್ಲ. ಸಂಪಾದಕರು ಗೂಡಿನಿಂದ ಕಾರ್ಡು ತೆಗೆಸಿದರು. ಬಲತುದಿಯಲ್ಲಿ ನೇರಳೆ ಬಣ್ಣದ ದುಂಡು ಮೊಹರು, ಹದಿನೇಳು.

ಹದಿನೇಳು ಅಂದರೆ ಟೋಪಿ ಮೇಷ್ಟ್ರು, ಬೇಸಿಗೆಯಲ್ಲೂ ಉಲ್ಲನ್ ಟೋಪಿ ತೆಗೆಯದ ಮೇಷ್ಟ್ರು, ಶಾಲೆಯಲ್ಲಿ ಪಾಠ ಹೇಳಿ ಸಂಜೆ ಇಲ್ಲಿಗೆ ಬಂದು ಸಂಬಳವಿಲ್ಲದೆ ಓದಿ ಓದಿ ಕಾರ್ಡು ಬರೆದುಕೊಟ್ಟವರು, ಕಾರ್ಡನ್ನು ಅಂಚಿನಿಂದ ಹಿಡೀಬೇಕಮ್ಮ, ಹೊಟ್ಟೆ ಮುಟ್ಟಬಾರದು, ಬೆವರಿಗೆ ಅಕ್ಷರ ಹೋಗುತ್ತೆ ಎಂದು ಅವಳಿಗೆ ಮೊದಲ ದಿನ ಕಲಿಸಿಕೊಟ್ಟವರು, ಈಗ ಎಂಬತ್ತನಾಲ್ಕು, ಇವತ್ತು ಬೆಳಿಗ್ಗೆ ಅವರನ್ನು ಕರೆಸಿದ್ದರು, ಕರೆಸಿ ಪಡಸಾಲೆಯಲ್ಲೇ ನಿಲ್ಲಿಸಿದ್ದರು, ಕುರ್ಚಿ ಕೊಡಲಿಲ್ಲ — ಅಲ್ಲ, ಕೊಟ್ಟರು, ಅವರೇ ಕೂರಲಿಲ್ಲ, ಟೋಪಿ ತೆಗೆದು ಎರಡು ಕೈಯಲ್ಲೂ ಹಿಡಿದು ನಿಂತಿದ್ದರು, ಆ ತಲೆಯನ್ನು ಅವಳು ನೋಡಿದ್ದು ಇದೇ ಮೊದಲು, ನಾಲ್ಕು ಕೂದಲು, ಒಂದು ಹಳೇ ಗಾಯದ ಗೆರೆ, ನೋಡಬಾರದಿತ್ತು ಅನ್ನಿಸಿತು. ಸಂಪಾದಕರು ಕಾರ್ಡು ತೋರಿಸಿ ಇದು ನಿಮ್ಮ ಮೊಹರೇ ಅಲ್ವಾ ಮೇಷ್ಟ್ರೇ ಎಂದರು, ಮೇಷ್ಟ್ರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು, ಮೊಹರು ನಂದೇ ಸ್ವಾಮಿ, ಟೈಪು ಯಾರು ಮಾಡಿದ್ರೋ, ಆವಾಗೆಲ್ಲ ನಾನೂ ಟೈಪ್ ಮಾಡ್ತಿದ್ದೆ, ವಾಕ್ಯ ಮಾತ್ರ ನೆನಪಿಗೆ ಬರ್ತಾ ಇಲ್ಲ, ಎಂದು ಅಲ್ಲಿಗೆ ನಿಲ್ಲಿಸಬಾರದಿತ್ತೇ, ನಿಲ್ಲಿಸಲಿಲ್ಲ, ನಾನೇ ಬರ್ದಿರ್ಬೇಕು ಸ್ವಾಮಿ, ಈಗೀಗ ಊಟ ಮಾಡಿದ್ದೇ ಮರೆತುಹೋಗುತ್ತೆ, ಆವಾಗ ಏನು ಬರೆದೆನೋ ಏನು ಕತೆಯೋ, ನನ್ನಿಂದ ತಪ್ಪಾಯ್ತು, ಎಂದುಬಿಟ್ಟರು. ತಪ್ಪಾಯಿತಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಕಂಡಿದ್ದಳು, ಎಮ್ಮೆಯೇ ಬಂದು ಬೆನ್ನು ಕೊಡುವುದನ್ನು ಕಂಡಿರಲಿಲ್ಲ, ಅವಳಿಗೆ ಮೇಷ್ಟ್ರ ಮೇಲೇ ಸಿಟ್ಟು ಬಂತು, ಯಾಕೆ ಒಪ್ಪಿಕೊಳ್ಳುತ್ತೀರಿ, ನಿಮ್ಮದಲ್ಲದ್ದನ್ನು ಯಾಕೆ ಒಪ್ಪಿಕೊಳ್ಳುತ್ತೀರಿ ಎಂದು ಕೂಗಬೇಕೆನ್ನಿಸಿತು, ಬಾಗಿಲ ಸಂದಿಯಲ್ಲಿ ನಿಂತೇ ಇದ್ದಳು, ಸಂಪಾದಕರು ಹೇಳಿದರು, ನೋಡಿ ಮೇಷ್ಟ್ರೇ, ವೈಯಕ್ತಿಕವಾಗಿ ತಗೋಬೇಡಿ, ಒಂದು ಸುಳ್ಳಾದ್ರೆ ಉಳಿದದ್ದನ್ನ ಹೇಗೆ ನಂಬೋದು, ಹೊಸ ಆವೃತ್ತಿಯಲ್ಲಿ ಹದಿನೇಳರ ಕಾರ್ಡು ಒಂದೂ ಇರಲ್ಲ ಅಂತ ತೀರ್ಮಾನ ಆಗಿದೆ. ಮೇಷ್ಟ್ರು ತಲೆಯಾಡಿಸಿದರು, ಒಂದು ಪೆಟ್ಟಿಗೆ ಮಾತ್ರ ಮನೆಗೆ ತಗೊಂಡು ಹೋಗ್ಲಾ, ಸುಮ್ನೆ, ಎಂದು ಕೇಳಿದರು. ಅದು ಕಚೇರಿಯ ಆಸ್ತಿ ಎಂದರು ಸಂಪಾದಕರು. ಮೇಷ್ಟ್ರು ಟೋಪಿ ಹಾಕಿಕೊಂಡು ಮೆಟ್ಟಿಲಿಳಿದರು, ಇಳಿಯುವಾಗ ಅವಳನ್ನು ಕಂಡು, ಚೆನ್ನಾಗಿದೀಯೇನಮ್ಮ ಎಂದರು.

ಚೆನ್ನಾಗಿದ್ದಾಳೆ, ಕಲ್ಲುಗುಂಡಿನ ಹಾಗಿದ್ದಾಳೆ, ಮೇಷ್ಟ್ರು ಬೀದಿಯ ತಿರುವು ದಾಟುವ ತನಕ ಕಿಟಕಿಯಲ್ಲಿ ನಿಂತು ನೋಡಿ ಆಮೇಲೆ ತನ್ನ ಜಾಗದಲ್ಲಿ ಬಂದು ಕೂತು ಪೆನ್ಸಿಲು ಚೂಪು ಮಾಡಿದಳು. ಆ ಕಾರ್ಡು ಟೈಪ್ ಮಾಡಿದವಳು ಅವಳು. ಕೆಲಸಕ್ಕೆ ಸೇರಿದ ಮೊದಲ ತಿಂಗಳು, ಹಿಂದಿನ ಸಂಜೆ ಟೈಪ್‌ರೈಟರಿನ ರಿಬ್ಬನ್ ಬದಲಾಯಿಸಲು ಹೋಗಿ ಕೈಯೆಲ್ಲ ಶಾಯಿ ಮಾಡಿಕೊಂಡಿದ್ದಳು, ಸೋಪು ಹಾಕಿದರೂ ಹೋಗದ ಶಾಯಿ, ಮರುದಿನ ಅದೇ ಕೈಯಲ್ಲಿ ಬಂದು ಕೂತಳು, ತನ್ನ ಕಾರ್ಡುಗಳು ಮುಗಿದಿದ್ದವು, ಪಕ್ಕದ ಮೇಜಿನಲ್ಲಿ ಮೇಷ್ಟ್ರ ಕಟ್ಟಿತ್ತು, ಅವರು ಖಾಲಿ ಕಾರ್ಡುಗಳಿಗೆ ಮೊದಲೇ ಮೊಹರು ಒತ್ತಿಟ್ಟುಕೊಳ್ಳುತ್ತಿದ್ದರು, ಆಮೇಲೆ ಮರೆತುಹೋಗುತ್ತೆ ಅಂತ, ಆ ಕಟ್ಟಿನಿಂದ ಒಂದನ್ನು ಎಳೆದುಕೊಂಡಳು. ಇಲ್ಲಿ ಒಂದು ಪದ್ಧತಿಯಿದೆ, ಒಂದು ಅರ್ಥ ಹೊಳೆದು ಅದಕ್ಕೆ ಪುಸ್ತಕದ ವಾಕ್ಯ ಸಿಗದಿದ್ದರೆ ತಾವೇ ಒಂದು ವಾಕ್ಯ ಕಟ್ಟಿ ನೋಡುವುದು, ಅರ್ಥ ಕೂರುತ್ತದೋ ಇಲ್ಲವೋ ತಿಳಿಯಲು, ಅಂಥ ಕಾರ್ಡಿನ ಮೇಲೆ ಕೆಂಪು ಪೆನ್ಸಿಲಿನಲ್ಲಿ ಸೊನ್ನೆ ಸುತ್ತಬೇಕು, ಸೊನ್ನೆ ಇದ್ದದ್ದು ಅಚ್ಚಿಗೆ ಹೋಗುವುದಿಲ್ಲ, ಕೆಲಸ ಮುಗಿದ ಮೇಲೆ ಹರಿದು ಬಿಸಾಡುತ್ತಾರೆ. ಅವಳು ಸೊನ್ನೆ ಸುತ್ತಲಿಲ್ಲ. ಮೂಲ ಎಂಬಲ್ಲಿ ಖಾಲಿ ಬಿಟ್ಟಿದ್ದರೂ ಯಾರಾದರೂ ಹಿಡಿಯುತ್ತಿದ್ದರು, ಬೆಳಗಿನಿಂದ ಅದೇ ದಫ್ತರದ ಹತ್ತಾರು ಕಾರ್ಡುಗಳನ್ನು ಬಡಿದು ಬಡಿದು ಬೆರಳಿಗೆ ರೂಢಿಯಾಗಿತ್ತು, ಮೇಲಿನ ಕಾರ್ಡಿನ ಮೂಲವೇ ಕೆಳಗಿನದಕ್ಕೂ ಆದರೆ ಬರೆಯುವುದು ಒಂದೇ ಮಾತು, ಅದೇ, ಬೆರಳು ತಾನಾಗಿ ಬಡಿಯಿತು, ಅದೇ. ಮೇಲಿದ್ದದ್ದು ಕುದುರೆ ಕಳ್ಳನ ಕಾರ್ಡು, ಅಚ್ಚಿಗೆ ಕೊಡುವಾಗ ಅದರ ದಫ್ತರ, ಅದರ ಪುಟ ಇದಕ್ಕೂ ಬಂತು. ಹೀಗೆ ಅವಳ ವಾಕ್ಯಕ್ಕೆ ಯಾರದೋ ಊರಿನ ನ್ಯಾಯಾಲಯ ಮೂಲವಾಯಿತು. ಅಚ್ಚಾಗಿ ಬಂದ ದಿನ ನೋಡಿದಳು, ನೋಡಿ ಪುಸ್ತಕ ಮುಚ್ಚಿದಳು, ನಾಳೆ ಹೇಳಿದರಾಯಿತು ಎಂದುಕೊಂಡಳು, ಆ ನಾಳೆಗೆ ಇಪ್ಪತ್ತೊಂಬತ್ತು ವರ್ಷ, ಈ ನಡುವೆ ಹೊಸದಾಗಿ ಬಂದವರಿಗೆಲ್ಲ ಕೆಂಪು ಸೊನ್ನೆಯ ಪಾಠ ಹೇಳುವವಳು ಯಾರು, ಇವಳೇ, ಸೊನ್ನೆ ಮರೆತರೆ ಕೈ ಮುರೀತೀನಿ ಎಂದು ಗದರುವವಳು ಇವಳೇ, ನಾಚಿಕೆಯಾಗಬೇಕು.

ಆದರೆ ನಾಚಿಕೆಗಿಂತ ಸಿಟ್ಟೇ ಮುಂದೆ ಬರುತ್ತದೆ, ಎಲ್ಲಕ್ಕೂ ಮೂಲ ಅಣ್ಣ, ಅವನ ಆ ಕಾಲುಮೇಲೆ ಕಾಲು, ಮನೆಯ ಮುಂದಿನ ಜಗಲಿಯಲ್ಲಿ ಬೆತ್ತದ ಕುರ್ಚಿ, ಬೆಳಗಿನ ಟೀ, ಮುಖದ ಮುಂದೆ ಬಿಚ್ಚಿ ಹಿಡಿದ ಪೇಪರು, ಮನೆ ಹತ್ತಿ ಉರಿದರೂ ಪುಟ ಮಗುಚಿ ಆಮೇಲೆ ಏಳುವ ಗಂಡಸು. ಅಮ್ಮ ಒಳಗೆ ಹಾಸಿಗೆ ಹಿಡಿದು ಎರಡು ವರ್ಷ, ಒಂದು ಮಗ್ಗುಲಿಂದ ಇನ್ನೊಂದಕ್ಕೆ ಹೊರಳಿಸಲೂ ಇಬ್ಬರು ಬೇಕು, ಆ ಇಬ್ಬರಲ್ಲಿ ಅಣ್ಣ ಯಾವತ್ತೂ ಒಬ್ಬನಲ್ಲ, ಹೆಣ್ಣುಮಕ್ಕಳು ಮಾಡೋ ಕೆಲಸ ಅದು ಎಂದು ಒಂದು ಸಲ ಹೇಳಿ ಕೈತೊಳೆದುಕೊಂಡ. ತಂಗಿಗೆ ಅವನಿಟ್ಟ ಹೆಸರು ಸ್ಕ್ರೂ, ಯಾವಾಗ ನೋಡಿದರೂ ಜೇಬಿನಲ್ಲಿ ಎರಡು ಸ್ಕ್ರೂ ಇರುತ್ತಿತ್ತು ಅವಳಿಗೆ, ಮನೆಯ ಗಡಿಯಾರ ನೆರೆಮನೆಯ ಗಡಿಯಾರ ಶಾಲೆಯ ಗಂಟೆ ಎಲ್ಲ ಬಿಚ್ಚಿ ಜೋಡಿಸುತ್ತಿದ್ದಳು, ಹನ್ನೆರಡನೇ ವಯಸ್ಸಿನಲ್ಲಿ ಅಪ್ಪನ ಸತ್ತುಹೋಗಿದ್ದ ವಾಚನ್ನು ನಡೆಯುವ ಹಾಗೆ ಮಾಡಿ ತನ್ನ ಕೈಗೇ ಕಟ್ಟಿಕೊಂಡಳು, ಗಂಡಸರ ವಾಚು, ಅವಳ ಕೈಗೆ ದೊಡ್ಡದು, ಪಟ್ಟಿಗೆ ಎರಡು ತೂತು ಜಾಸ್ತಿ ಕೊರೆದಿದ್ದಳು. ದೂರದೂರಿನ ವಾಚು ಕಾರ್ಖಾನೆಯಿಂದ ಕಾಗದ ಬಂತು, ಮೂರು ವರ್ಷ ಕಲಿಕೆ, ಆಮೇಲೆ ಕೆಲಸ, ಸೋಮವಾರ ಬಂದು ಸೇರತಕ್ಕದ್ದು, ಅದೇ ತಿಂಗಳಲ್ಲಿ ಇವಳಿಗೂ ನಿಘಂಟಿನ ಕಚೇರಿಯ ಕಾಗದ ಬಂದು ಕೆಲಸಕ್ಕೆ ಸೇರಿದ್ದಳು, ಒಂದು ಮನೆಗೆ ಎರಡು ಕಾಗದ, ಅಮ್ಮ ಒಬ್ಬಳೇ. ಅಣ್ಣ ಪೇಪರಿನ ಹಿಂದಿನಿಂದಲೇ ಹೇಳಿದ, ಇಬ್ಬರಲ್ಲಿ ಒಬ್ಬಳು ಮನೇಲಿರ್ಬೇಕು, ಯಾರು ಅಂತ ನೀವೇ ನೋಡ್ಕೊಳ್ಳಿ. ನೀವೇ ನೋಡ್ಕೊಳ್ಳಿ, ಎರಡು ನಾಯಿಗೆ ಒಂದು ಮೂಳೆ ಎಸೆದ ಹಾಗೆ. ಶನಿವಾರ ಬೆಳಿಗ್ಗೆ ಆರರ ಬಸ್ಸು, ತಂಗಿ ಸೂಟ್‌ಕೇಸು ಹಿಡಿದು ಅಂಗಳ ದಾಟಿದಳು, ಯಾರಿಗೂ ಹೇಳಲಿಲ್ಲ, ಅಮ್ಮನ ಕಾಲು ಮುಟ್ಟಿ ಬಂದಿದ್ದಳಷ್ಟೆ, ಗೇಟಿನ ಚಿಲಕ ತೆಗೆದಳು, ಚಿಲಕ ಕಿರ್ರೆಂದಿತು, ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ಅವಳ ಮಣಿಕಟ್ಟನ್ನು ಹಿಡಿಯಿತು, ಹಿಡಿದು ತಿರುಚಿತು, ವಾಚಿನ ಪಟ್ಟಿ ಕಿತ್ತು ವಾಚು ಕಲ್ಲಿನ ಮೇಲೆ ಬಿತ್ತು, ಬಸ್ಸು ತಿರುವಿನಲ್ಲಿ ಹಾರ್ನು ಮಾಡಿತು, ಎರಡು ಸಲ, ಹೋಯಿತು. ಕೈ ಬಿಟ್ಟಾಗ ಮಣಿಕಟ್ಟಿನ ಮೇಲೆ ನಾಲ್ಕು ಬೆರಳು, ಮೊದಲು ಬಿಳಿ, ಆಮೇಲೆ ಕೆಂಪು, ಒಂದರ ತುದಿಗೆ ಕಪ್ಪು ಮಸಿ, ಪೇಪರಿನ ಮಸಿ, ಬೆಳಿಗ್ಗೆಯಿಂದ ಪೇಪರು ಹಿಡಿದ ಕೈಯಲ್ಲವೇ, ಪೇಪರಿನದೇ.

ತಂಗಿ ನಲ್ಲಿಯ ಕೆಳಗೆ ಆ ಕೈಯಿಟ್ಟು ಬಹಳ ಹೊತ್ತು ಉಜ್ಜಿದಳು, ಸೋಪು ಹಾಕಿ ಉಜ್ಜಿದಳು, ಮಸಿ ಹೋಗಲಿಲ್ಲ, ಆಮೇಲೆ ಒಳಗೆ ಹೋಗಿ ಅಮ್ಮನ ಬಟ್ಟೆ ಬದಲಾಯಿಸಿದಳು, ಮುಗಿಯಿತು, ಅಳಲಿಲ್ಲ, ಜಗಳವಾಡಲಿಲ್ಲ, ಬಿದ್ದ ವಾಚನ್ನು ಎತ್ತಿ ಮೇಜಿನ ಡ್ರಾಯರಿಗೆ ಹಾಕಿದಳು, ಅವತ್ತಿನಿಂದ ಒಂದು ಸ್ಕ್ರೂ ಮುಟ್ಟಿಲ್ಲ, ಗಡಿಯಾರ ನಿಂತರೆ ಬೀದಿ ಕೊನೆಯ ಅಂಗಡಿಗೆ ಕೊಟ್ಟು ಬರುತ್ತಾಳೆ. ಅಮ್ಮ ಇನ್ನೂ ಹನ್ನೊಂದು ವರ್ಷ ಮಲಗಿದ್ದು ಹೋದಳು, ಅಣ್ಣ ಹೆಂಡತಿಯ ಊರಿಗೆ ಹೋಗಿ ಅಲ್ಲೇ ಕುರ್ಚಿ ಹಾಕಿಕೊಂಡ, ಮನೆಯಲ್ಲಿ ಉಳಿದವರು ಅಕ್ಕ ತಂಗಿ ಇಬ್ಬರೇ, ಒಂದೇ ಒಲೆ, ಎರಡು ಹಾಸಿಗೆ, ದಿನಕ್ಕೆ ಇಪ್ಪತ್ತು ಮಾತು, ಹಾಲು ಬಂತಾ, ಛತ್ರಿ ತಗೊಂಡ್ಯಾ, ಬಾಗಿಲು ಹಾಕ್ಕೋ. ಇವತ್ತು ಬೆಳಿಗ್ಗೆ ಟೀ ಕುಡಿಯುತ್ತ ಯಾಕೋ ತಡೆಯಲಾಗಲಿಲ್ಲ, ಹೊಟ್ಟೆಯಲ್ಲಿದ್ದದ್ದು ಹೊರಗೆ ಬಂತು, ನೋಡೇ, ಒಂದು ವಾಕ್ಯಕ್ಕೋಸ್ಕರ ಟೋಪಿ ಮೇಷ್ಟ್ರ ಕಾರ್ಡೆಲ್ಲ ರದ್ದಿಗೆ ಹಾಕ್ತಾರಂತೆ ಎಂದಳು. ತಂಗಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, ಯಾವ ವಾಕ್ಯ ಎಂದಳು. ಅವಳು ಇಂಗ್ಲಿಷಿನಲ್ಲಿ ಹೇಳಲಿಲ್ಲ, ಅರ್ಥ ಹೇಳಿದಳು, ಅಣ್ಣ ಗೇಟಿನ ಹತ್ರ ತಂಗಿಯ ಕೈ ಹಿಡಿದ, ಅವಳು ಹೋಗ್ಲಿಲ್ಲ, ನೋಡಿದೋರು ಸುಮ್ನಿದ್ರು. ಚಾಕು ನಿಂತಿತು. ಅಣ್ಣ ಅಂತ ಬರ್ದಿದೀಯಾ, ಎಂದಳು ತಂಗಿ. ಮೆಲ್ಲಗೆ, ಹಾಲು ಬಂತಾ ಅನ್ನುವ ದನಿಯಲ್ಲೇ. ನಾನು ಬರೆದೆ ಅಂತ ಇವಳೆಲ್ಲಿ ಹೇಳಿದ್ದಳು, ಹೇಳಿರಲೇ ಇಲ್ಲ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳ ಮುಖವೇ ಹೇಳಿರಬೇಕು. ಉತ್ತರಕ್ಕೆ ಕಾಯದೆ ತಂಗಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು, ನಲ್ಲಿ ಬಿಟ್ಟ ಸದ್ದು, ಪಾತ್ರೆಯ ಸದ್ದು, ಅಣ್ಣ ಅಂತ ಬರ್ದಿದೀಯಾ, ಕಚೇರಿಯ ದಾರಿಯುದ್ದಕ್ಕೂ ಅದೇ, ಬಸ್ಸಿನಲ್ಲಿ ಅದೇ, ಮತ್ತೇನು ಬರೆಯಬೇಕಿತ್ತು, ಅಣ್ಣನೇ ಅಲ್ಲವೇ, ಅವನೇ ಅಲ್ಲವೇ ಮೂಳೆ ಎಸೆದವನು.

ಚರ್ರ್, ಇನ್ನೊಂದು ಚೀಲ, ಅಮ್ಮಾವ್ರೇ, ಇಷ್ಟು ಭಾರ ಇದೆ ನೋಡಿ, ಮೇಷ್ಟ್ರೇ ಇಷ್ಟು ತೂಗಲ್ಲ, ಎಂದು ಜವಾನ ಪಡಸಾಲೆಯಿಂದ ಕೂಗುತ್ತಾನೆ, ಅವಳು ಎದ್ದಿದ್ದಾಳೆ, ಯಾವಾಗ ಎದ್ದಳೋ, ಕುರ್ಚಿ ಹಿಂದೆ ಬಿದ್ದಿದೆ, ಬೀಳಲಿ, ಮೆಟ್ಟಿಲು ಹತ್ತುತ್ತಿದ್ದಾಳೆ, ಒಂದೊಂದು ಮೆಟ್ಟಿಲಿಗೂ ಸಿಟ್ಟು ಏರುತ್ತದೆ, ಸಂಪಾದಕರ ಮೇಲೆ, ಮೇಷ್ಟ್ರ ಬೋಳು ತಲೆಯ ಮೇಲೆ, ಅಣ್ಣನ ಮೇಲೆ, ಓದುವ ಕೆಲಸ ಬಿಟ್ಟು ಬೇರೆ ಕೆಲಸವಿಲ್ಲದ ಆ ಪುಣ್ಯಾತ್ಮನ ಮೇಲೆ, ಬಾಗಿಲು ತಟ್ಟದೆ ತಳ್ಳಿದಳು, ಆ ಕಾರ್ಡು ನನ್ನದು ಸಾರ್, ಎಂದಳು. ನಾಲ್ಕು ಪದವಾಯಿತು. ಸಂಪಾದಕರು ಕನ್ನಡಕ ತೆಗೆದರು, ಕೂತ್ಕೊಳ್ಳಿ ಮೇಡಂ ಎಂದರು, ಅವಳು ಕೂರಲಿಲ್ಲ, ಮೊಹರಿನ ಕಟ್ಟು, ಕೆಂಪು ಸೊನ್ನೆ, ಅದೇ ಎಂದು ಬಡಿದ ಬೆರಳು, ಎಲ್ಲ ಒಂದೇ ಉಸಿರಿಗೆ ಹೇಳಿದಳು, ಕೇಳಿಸಿಕೊಂಡು ಅವರು ಮುಗುಳ್ನಕ್ಕರು, ಅದೇ ತಡೆಯಲಾಗಲಿಲ್ಲ, ಮುಗುಳ್ನಗುವುದೇ, ಮೇಷ್ಟ್ರ ಮೇಲೆ ನಿಮಗಿರೋ ಅಭಿಮಾನ ನಂಗೊತ್ತು, ಅವರ ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೊಳ್ತಿದೀರಿ, ಅದು ನಿಮ್ಮ ದೊಡ್ಡತನ ಎಂದರು. ದೊಡ್ಡತನ ಮಣ್ಣಂಗಟ್ಟಿ ಎಂದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಈ ಕೋಣೆಯಲ್ಲಿ ಅವಳು ಅಂಥ ಮಾತಾಡಿದ್ದಿಲ್ಲ, ಸಂಪಾದಕರ ನಗು ಹೋಯಿತು. ಹಳೇ ಕಾರ್ಡನ್ನು ಅವಳತ್ತ ತಿರುಗಿಸಿಟ್ಟರು. ಆಯ್ತು, ನಿಮ್ಮದೇ ಅಂತ ಇಟ್ಕೊಳ್ಳೋಣ, ಇಲ್ಲಿ ಬಾಯಿಮಾತು ನಡೆಯಲ್ಲ ನಿಮಗೇ ಗೊತ್ತು, ಬರ್ದುಕೊಡಿ, ವಾಕ್ಯ ಸುಳ್ಳಾದ್ರೆ ಸುಳ್ಳು ಅಂತ ಬರೀರಿ, ಸೊನ್ನೆ ಸುತ್ತಿ, ಸಹಿ ಹಾಕಿ, ಮೇಷ್ಟ್ರ ಕಾರ್ಡು ಉಳಿಯುತ್ತೆ. ಎಷ್ಟು ಸುಲಭ. ಕೆಂಪು ಪೆನ್ಸಿಲು ಮೇಜಿನ ಮೇಲೇ ಇದೆ, ಒಂದು ಸೊನ್ನೆ, ಒಂದು ಸಹಿ, ಕೆಳಗೆ ಹೋಗಿ ಚೀಲ ಬಿಚ್ಚಿಸಬಹುದು, ಕೈ ಚಾಚಿದಳು, ಪೆನ್ಸಿಲು ಎತ್ತಿಕೊಂಡಳು, ಸೊನ್ನೆ ಸುತ್ತಿದರೆ ಹರಿದು ಬಿಸಾಡುತ್ತಾರೆ, ಗೇಟು ಬಿಸಾಡುತ್ತಾರೆ, ಆರು ಗಂಟೆಯ ಬಸ್ಸು ಬಿಸಾಡುತ್ತಾರೆ, ಹಾಗೊಂದು ನಡೆಯಲೇ ಇಲ್ಲ ಎಂದಾಗುತ್ತದೆ, ಯಾರೋ ಅರ್ಥ ಕೂರುತ್ತದೋ ಇಲ್ಲವೋ ನೋಡಲು ಕಟ್ಟಿದ್ದು ಎಂದಾಗುತ್ತದೆ — ವಾಕ್ಯ ಸುಳ್ಳಲ್ಲ ಸಾರ್, ಎಂದಳು. ಹಾಗಾದ್ರೆ ಮೂಲ ಬರೀರಿ, ಎಂದು ಅವರು ಅವಳ ಮುಂದೆ ಒಂದು ಖಾಲಿ ಕಾರ್ಡು ತಳ್ಳಿದರು, ಅವರ ದನಿಯಲ್ಲೂ ಈಗ ಸಿಟ್ಟಿತ್ತು, ಎಲ್ಲಿ, ಯಾವತ್ತು, ಯಾರು ಕಂಡದ್ದು, ಪದ ಪದ ತಾಳೆ ಆಗ್ಬೇಕು. ಕೆಳಗೆ ಬೀದಿಯಲ್ಲಿ ಲಾರಿ ಹಾರ್ನು ಮಾಡಿತು, ಎರಡು ಸಲ.

ಪೆನ್ಸಿಲು ಇಟ್ಟು ಪೆನ್ನು ತೆಗೆದುಕೊಂಡಳು, ಕಾರ್ಡನ್ನು ಅಂಚಿನಿಂದ ಹಿಡಿದಳು, ಹೊಟ್ಟೆ ಮುಟ್ಟಲಿಲ್ಲ, ಮೂಲ, ನಮ್ಮ ಮನೆ, ಗೇಟು, ಶನಿವಾರ, ಬೆಳಿಗ್ಗೆ ಆರಕ್ಕೆ ಐದು ನಿಮಿಷ, ವರ್ಷ ಬರೆದಳು, ಕಂಡವರು, ಇಬ್ಬರು, ಜಗಲಿಯಲ್ಲಿ ಅಣ್ಣ, ಕಿಟಕಿಯಿಂದ ಅಮ್ಮ — ಅಮ್ಮನ ಹಾಸಿಗೆಯಿಂದ ಗೇಟು ಕಾಣುತ್ತಿತ್ತು, ಅದನ್ನೂ ಬರೆಯಬೇಕು — ಕಂಡವರು ಸುಮ್ಮನಿದ್ದರು, ತಾಳೆಯಾಯಿತು, ಅವಳು ಹೋಗಲಿಲ್ಲ, ಹೌದು, ಹೋಗಲಿಲ್ಲ, ತಾಳೆಯಾಯಿತು, ಹಿಂದಕ್ಕೆ ಹಿಂದಕ್ಕೆ ಒಂದೊಂದೇ ಪದ, ಮಣಿಕಟ್ಟು, ತಾಳೆಯಾಯಿತು, ಗೇಟಿನ ಬಳಿ, ಆಯಿತು, ಇನ್ನು ಉಳಿದದ್ದು ಮೊದಲ ಪದ ಒಂದೇ, ಅಣ್ಣನು — ಅಣ್ಣ ಎರಡು ಕೈಯಲ್ಲೂ ಪೇಪರು ಹಿಡಿದಿದ್ದ. ಎರಡು ಕೈಯಲ್ಲೂ. ಪುಟ ಮಗುಚುವ ಸದ್ದು ಕೇಳಿಸಿತ್ತು, ಗೇಟಿನ ಚಿಲಕ ಕಿರ್ರೆಂದಾಗಲೇ ಕೇಳಿಸಿತ್ತು, ಅವನು ಕುರ್ಚಿಯಿಂದ ಏಳಲಿಲ್ಲ, ಏಳಬೇಕಾದದ್ದೇ ಇರಲಿಲ್ಲ, ಅವನು ಎಸೆದ ಮೂಳೆಗೆ ಓಡಿದವಳು ಬೇರೆ, ಅಂಗಳದಲ್ಲಿ ಬರಿಗಾಲಲ್ಲಿ ಓಡಿದವಳು ಅವಳೇ, ಇವಳು ಹೋದರೆ ನಾನು ಮನೆಯಲ್ಲಿರಬೇಕಾಗುತ್ತದೆ, ನನ್ನ ಕೆಲಸ ಹೋಗುತ್ತದೆ, ನಿಘಂಟು ಹೋಗುತ್ತದೆ, ಅಮ್ಮನ ಹಾಸಿಗೆಯ ಪಕ್ಕದಲ್ಲಿ ನಾನು ಕೊಳೆಯಬೇಕಾಗುತ್ತದೆ, ಅಷ್ಟೇ ಇತ್ತು ತಲೆಯಲ್ಲಿ, ಬೇರೇನೂ ಇರಲಿಲ್ಲ, ತಂಗಿ ತಿರುಗಿ ನೋಡಿ ಕೈ ಬಿಡು ಅಕ್ಕಾ ಅಂದಿದ್ದಳು, ಒಂದೇ ಸಲ, ಬಿಡಲಿಲ್ಲ, ಬಸ್ಸು ಹೋಗುವ ತನಕ ಬಿಡಲಿಲ್ಲ, ಬಸ್ಸು ಹೋದ ಮೇಲೆ ಸ್ನಾನ ಮಾಡಿ ಸೀರೆ ಬದಲಾಯಿಸಿ ಹೊತ್ತಿಗೆ ಸರಿಯಾಗಿ ಕಚೇರಿಗೆ ಬಂದು ಟೈಪ್‌ರೈಟರಿನ ಮುಂದೆ ಕೂತಳು. ಹಳೇ ಕಾರ್ಡಿನಲ್ಲಿ ಅಣ್ಣನು ಎಂಬುದನ್ನು ಹೊಡೆದುಹಾಕಿದಳು, ಮೇಲೆ ಅಕ್ಕ ಎಂದು ಬರೆದಳು, ಸಹಿ ಹಾಕಿ ತಳ್ಳಿದಳು. ಸಂಪಾದಕರು ಓದಿದರು, ಎರಡು ಸಲ ಓದಿದರು, ಅವಳ ಮುಖ ನೋಡಲಿಲ್ಲ, ಎದ್ದು ಕಿಟಕಿಗೆ ಹೋಗಿ, ಚೀಲ ಇಳಿಸಪ್ಪಾ, ಎಲ್ಲ ಬಿಚ್ಚಿ ವಾಪಸ್ ಗೂಡಿಗೆ ಹಾಕು ಎಂದು ಕೂಗಿದರು, ಜವಾನ ಏನೋ ಗೊಣಗಿದ, ಅವಳಿಗೆ ಕೇಳಿಸಲಿಲ್ಲ, ಮೇಷ್ಟ್ರು ಉಳಿದರು, ನಾಲ್ಕನೇ ಅರ್ಥ ಬಿದ್ದುಹೋಗುತ್ತದೆ, ಆ ಜನ ಹಾಗೆಂದು ಎಂದೂ ಅಂದಿರಲಿಲ್ಲ, ಹೋಗಲಿ ಬಿಡು, ಅಣ್ಣನ ಮೇಲಿನ ಸಿಟ್ಟು ಎಲ್ಲಿ, ಹುಡುಕಿದಳು, ಇದೆ, ಆದರೆ ಅದಕ್ಕೆ ಈಗ ಕೈಯಿಲ್ಲ, ಕೈಯೆಲ್ಲ ಇಲ್ಲೇ ಇದೆ, ಮೇಜಿನ ಮೇಲೆ ಬಿದ್ದುಕೊಂಡಿದೆ, ಐವತ್ತಮೂರು ವರ್ಷದ ಬಲಗೈ, ತೊಳೆದ ಕೈ, ಪೇಪರು ಮುಟ್ಟಿರದ ಕೈ, ಇನ್ನು ಮನೆಗೆ ಹೋಗಬೇಕು, ಬಾಗಿಲು ತಟ್ಟಬೇಕು, ಅವಳು ತೆಗೆಯುತ್ತಾಳೆ, ಚಿಲಕಕ್ಕೆ ಆ ಕೈ ಬರುತ್ತದೆ, ಮಣಿಕಟ್ಟು, ಬಿಳಿ, ಆಮೇಲೆ ಕೆಂಪು, ನಾಲ್ಕು ಬೆರಳು, ಗಂಡಸಿನ ಬೆರಳಿಗಿಂತ ಸಣ್ಣವು, ಒಂದರ ತುದಿಗೆ ರಿಬ್ಬನ್ನಿನ ಶಾಯಿ.